ಬೆಳ್ಳಿತೆರೆಯ ಯುದ್ಧವೂ ನಮ್ಮ ಗಡಿಭಾಗದ ಸೈನಿಕನೂ



ಯುದ್ಧವನ್ನೂ ಸೈನಿಕರ ಬದುಕನ್ನೂ ನಮ್ಮ ಚಲನಚಿತ್ರಗಳು ಎಷ್ಟರಮಟ್ಟಿಗೆ ಇದ್ದಂತೆಯೇ ತೋರಿಸುತ್ತವೆ ಎಂಬ ಪ್ರಶ್ನೆಯನ್ನು ತಮ್ಮ ಮುಂದಿಡುತ್ತಿದ್ದೇನೆ. ಇದನ್ನು ಎಲ್ಲಿ ಬೇಕಾದರೂ ಕೇಳಬಹುದು. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಕೇಳಿದಾಗ ಅದರ ತೂಕವೇ ಬೇರೆ. ಜಿಲ್ಲಾ ಕೇಂದ್ರವಾದ ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ರೆಜಿಮೆಂಟಲ್ ಕೇಂದ್ರವಿದೆ. 1768ರಲ್ಲಿ ಮೊದಲ ಪಲ್ಟಣ ಕಟ್ಟಿಕೊಂಡ ಈ ದಳ ದೇಶದ ಅತ್ಯಂತ ಹಳೆಯ ಪದಾತಿ ರೆಜಿಮೆಂಟುಗಳಲ್ಲಿ ಒಂದು. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆಯಿದೆ. ಗಡಿಯ ಆಚೆ, ನಮಗೆ ಹೊಂದಿಕೊಂಡೇ ಇರುವ ಶಿರೋಳ ತಾಲ್ಲೂಕಿನ ಟಾಕಳಿ ಮನೆಮನೆಯಿಂದ ಮಿಲ್ಟ್ರಿಗೆ ಜನ ಕಳಿಸಿದ ಕಾರಣಕ್ಕೆ ಸೈನಿಕ ಟಾಕಳಿ ಎಂದೇ ಹೆಸರಾಗಿದೆ. ನಮ್ಮ ಊರುಗಳಲ್ಲೂ ‘ಭರ್ತಿ’ ಎಂದರೆ ಯಾವ ಭರ್ತಿ ಎಂದು ಯಾರೂ ಕೇಳುವುದಿಲ್ಲ. ನಸುಕಿನಲ್ಲಿ ರಸ್ತೆಯ ಮೇಲೆ ಓಡುವ ಹುಡುಗರನ್ನು ಕಂಡರೆ 1,600 ಮೀಟರಿನ ಓಟಕ್ಕೆ ತಯಾರಿ ನಡೆದಿದೆ ಎಂದು ಹೊಲಕ್ಕೆ ಹೊರಟವರಿಗೆಲ್ಲ ಗೊತ್ತು.

ಹೀಗಾಗಿ ಇಲ್ಲಿಯ ಪ್ರೇಕ್ಷಕ ಯುದ್ಧದ ಸಿನಿಮಾ ನೋಡುವಾಗ ಪಕ್ಕದ ಕುರ್ಚಿಯಲ್ಲಿ ನಿವೃತ್ತ ಹವಾಲ್ದಾರರೊಬ್ಬರು ಕುಳಿತಿರುವ ಸಂಭವ ಹೆಚ್ಚು. ಚಿತ್ರದ ನಿಜವನ್ನು ಅಳೆಯಬಲ್ಲವರು ಸಭೆಯಲ್ಲೇ ಇರುವ ಪ್ರದೇಶ ಇದು. ಇಷ್ಟಿದ್ದೂ ಅವರ ಅಭಿಪ್ರಾಯವನ್ನು ಯಾವ ವಿಮರ್ಶಕರೂ ಕೇಳಿ ಬರೆದುಕೊಂಡಿಲ್ಲ.

ಮೊದಲು ‘ನಿಜ’ ಎಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಸಾಮಾನ್ಯವಾಗಿ ಜನ ಹುಡುಕುವುದು ಸಮವಸ್ತ್ರದ ನಿಜ. ತೋಳಿನ ಪಟ್ಟಿ ಸರಿಯಿದೆಯೇ, ಬಂದೂಕು ಆ ಕಾಲದ್ದೇ, ಸೆಲ್ಯೂಟ್ ಹೊಡೆಯುವ ಕ್ರಮ ಸರಿಯೇ ಎಂದು ನೋಡುತ್ತಾರೆ. ಇದು ಬೇಕಾದದ್ದೇ, ಆದರೆ ಹಣ ಮತ್ತು ಒಬ್ಬ ನಿವೃತ್ತ ಅಧಿಕಾರಿಯ ಸಲಹೆ ಇದ್ದರೆ ಸುಲಭವಾಗಿ ಸಾಧಿಸಬಹುದಾದದ್ದು. 2019ರ ‘ಉರಿ’ ಚಿತ್ರದ ಬಹುಪಾಲು ಚಿತ್ರೀಕರಣ ನಡೆದದ್ದು ಸರ್ಬಿಯಾ ದೇಶದಲ್ಲಿ. ನೋಡಿದವರಿಗೆ ಅದು ಕಾಶ್ಮೀರವೇ ಅನ್ನಿಸಿತು. ಕಷ್ಟವಿರುವುದು ಬೇರೆ ಕಡೆ. ಸೈನಿಕ ಹೇಗೆ ಹೊತ್ತು ಕಳೆಯುತ್ತಾನೆ, ಯಾರ ಮಾತು ಕೇಳಬೇಕಾಗುತ್ತದೆ, ಯಾವುದಕ್ಕೆ ಹೆದರುತ್ತಾನೆ, ಅವನು ಇಲ್ಲದಾಗ ಮನೆ ಹೇಗೆ ನಡೆಯುತ್ತದೆ ಎಂಬುದನ್ನು ತೋರಿಸುವುದು ಕಷ್ಟ. ನನ್ನ ವಾದ ಇಷ್ಟು: ನಮ್ಮ ಚಿತ್ರಗಳು ಸಮವಸ್ತ್ರದಲ್ಲಿ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿವೆ, ಜವಾನನ ಬದುಕಿನ ವಿಷಯದಲ್ಲಿ ಹೆಚ್ಚೇನೂ ಮುಂದೆ ಹೋಗಿಲ್ಲ.

ಯುದ್ಧವನ್ನು ಚಿತ್ರದಲ್ಲಿ ಕಾಣಿಸುವ ಪರಂಪರೆ ಕನ್ನಡಿಗರಿಗೆ ಸಿನಿಮಾದಿಂದ ಬಂದದ್ದಲ್ಲ. ಊರ ಅಗಸೆಯ ಬಳಿ, ಗುಡಿಯ ಅಂಗಳದಲ್ಲಿ ನಿಂತಿರುವ ವೀರಗಲ್ಲುಗಳನ್ನು ನೆನಪಿಸಿಕೊಳ್ಳಿ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಹಂತ. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಅವನು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಕಲ್ಲನ್ನು ಹತ್ತಿರದಿಂದ ನೋಡಿದವರಿಗೆ ಆ ಕಾಳಗದ ಕೆತ್ತನೆ ಎಷ್ಟು ನಿರ್ದಾಕ್ಷಿಣ್ಯವಾದದ್ದೆಂದು ಗೊತ್ತು. ಅಲ್ಲಿ ಆನೆ, ಕುದುರೆ, ಬಿದ್ದ ದೇಹ ಎಲ್ಲವೂ ಒಂದರ ಮೇಲೊಂದು ಒತ್ತಿಕೊಂಡಿವೆ. ಶಿಲ್ಪಿ ಯುದ್ಧವನ್ನು ಚಂದ ಮಾಡಲು ಹೋಗಿಲ್ಲ.

ನಮ್ಮ ಯುದ್ಧಚಿತ್ರಗಳು ಈ ಮೂರು ಹಂತಗಳನ್ನು ಹಾಗೆಯೇ ಉಳಿಸಿಕೊಂಡಿವೆ: ಕಾದಾಟ, ವೈಭವದ ಸಾವು, ಕೊನೆಗೆ ತ್ರಿವರ್ಣಧ್ವಜದ ಹೊದಿಕೆಯಲ್ಲಿ ವಂದನೆ. ಆದರೆ ಕಲ್ಲಿನ ಶಾಸನದಲ್ಲಿದ್ದ ಒಂದು ಸಂಗತಿಯನ್ನು ಬಿಟ್ಟುಬಿಟ್ಟಿವೆ. ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಯ ವಿವರ ಅನೇಕ ಶಾಸನಗಳಲ್ಲಿದೆ. ನೆತ್ತರುಗೊಡಗೆ ಎಂದು ಕರೆದದ್ದು ಇದನ್ನೇ. ಯಾರು ಸತ್ತರು ಎಂಬುದರ ಜೊತೆಗೆ ಉಳಿದವರು ಏನು ಉಣ್ಣಬೇಕು ಎಂಬುದನ್ನೂ ಹಳಗನ್ನಡದ ಶಾಸನಕಾರ ಬರೆದಿಟ್ಟ. ನಮ್ಮ ಚಿತ್ರಕಥೆಗಾರರು ಈ ಎರಡನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಚಿತ್ರ ಮುಗಿದಿರುತ್ತದೆ.

ಸಭಿಕರೆ, ಒಂದು ಚಿತ್ರವನ್ನು ಸ್ವಲ್ಪ ಬಿಡಿಬಿಡಿಯಾಗಿ ನೋಡೋಣ. ಜೆ.ಪಿ. ದತ್ತಾ ಅವರ ‘ಬಾರ್ಡರ್’ 1997ರಲ್ಲಿ ಬಂತು. ಮರಾಠಿ, ಹಿಂದಿ, ಕನ್ನಡ ಮೂರೂ ಭಾಷೆಯ ಚಿತ್ರ ನೋಡುವ ನಮ್ಮ ಭಾಗದಲ್ಲಿ ಅದನ್ನು ನೋಡದ ಕುಟುಂಬ ಕಡಿಮೆ. ಅದರ ವಸ್ತು 1971ರ ಡಿಸೆಂಬರ್ 4 ಮತ್ತು 5ರ ನಡುವಿನ ರಾತ್ರಿ ರಾಜಸ್ಥಾನದ ಲೋಂಗೆವಾಲಾ ಠಾಣ್ಯದಲ್ಲಿ ನಡೆದ ಕದನ. ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ನೇತೃತ್ವದ 23ನೇ ಪಂಜಾಬ್ ಪಲ್ಟಣದ ಒಂದು ಕಂಪನಿ, ಸುಮಾರು 120 ಜನ, ಟ್ಯಾಂಕುಗಳೊಡನೆ ನುಗ್ಗಿಬಂದ ದೊಡ್ಡ ಸೇನೆಯನ್ನು ಬೆಳಗಿನವರೆಗೆ ತಡೆದು ನಿಲ್ಲಿಸಿತು.

ಚಿತ್ರದಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಪ್ರಮುಖ ಪಾತ್ರಗಳು ಮಡಿಯುತ್ತವೆ. ವಾಸ್ತವದಲ್ಲಿ ಆ ರಾತ್ರಿ ನಮ್ಮ ಕಡೆ ಮಡಿದವರು ಇಬ್ಬರು ಎಂದು ದಾಖಲೆಗಳು ಹೇಳುತ್ತವೆ. ಸುನಿಲ್ ಶೆಟ್ಟಿ ಅಭಿನಯಿಸಿದ ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್ ಪಾತ್ರ ತೆರೆಯ ಮೇಲೆ ಹುತಾತ್ಮವಾಗುತ್ತದೆ. ನಿಜವಾದ ಭೈರೋನ್ ಸಿಂಗ್ ರಾಠೋಡ್ ಸೇನಾ ಪದಕ ಪಡೆದು, ನಿವೃತ್ತರಾಗಿ, 2022ರ ಡಿಸೆಂಬರಿನವರೆಗೆ ಬದುಕಿದ್ದರು. ತಮ್ಮ ಸಾವನ್ನು ದೇಶವೆಲ್ಲ ನೋಡಿ ಕಣ್ಣೀರು ಹಾಕಿದ್ದನ್ನು ಇಪ್ಪತ್ತೈದು ವರ್ಷ ಕಂಡುಕೊಂಡು ಬಾಳಬೇಕಾದ ಮನುಷ್ಯನ ಬಗ್ಗೆ ನಾವು ಯೋಚಿಸಬೇಕು. ಬದುಕಿ ಬಂದ ಸೈನಿಕನಿಗೆ ಕಥೆಯಲ್ಲಿ ಜಾಗವಿಲ್ಲ ಎಂಬ ನಂಬಿಕೆ ಇದರ ಹಿಂದಿದೆ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಲೋಂಗೆವಾಲಾದ ಬಗ್ಗೆ ಬರೆದ ಸೈನ್ಯದ ಇತಿಹಾಸಕಾರರು ಒಂದು ವಿವರವನ್ನು ಮತ್ತೆ ಮತ್ತೆ ಹೇಳುತ್ತಾರೆ. ಶತ್ರುವಿನ ಟ್ಯಾಂಕುಗಳು ಠಾಣ್ಯದ ಸುತ್ತಲಿನ ಮುಳ್ಳುತಂತಿಯನ್ನು ಕಂಡು, ಅದರಾಚೆ ದೊಡ್ಡ ಸಿಡಿಗುಂಡಿನ ಬಯಲಿದೆ ಎಂದು ಭಾವಿಸಿ ನಿಂತುಬಿಟ್ಟವು. ಅಂಥ ಬಯಲು ಇರಲಿಲ್ಲ. ಜೀಪಿನ ಮೇಲೆ ಕೂರಿಸಿದ ರಿಕಾಯಿಲ್‌ಲೆಸ್ ತೋಪುಗಳು ಹತ್ತಿರದಿಂದ ಕೆಲವು ಟ್ಯಾಂಕುಗಳನ್ನು ಹೊಡೆದವು. ಮರಳಿನಲ್ಲಿ ಹಲವು ಟ್ಯಾಂಕುಗಳು ಸಿಕ್ಕಿಕೊಂಡವು. ಜೈಸಲ್ಮೇರಿನ ಹಂಟರ್ ವಿಮಾನಗಳಿಗೆ ರಾತ್ರಿ ಹೋರಾಡುವ ಸಲಕರಣೆ ಇರಲಿಲ್ಲವಾದ್ದರಿಂದ ಬೆಳಕು ಹರಿಯುವವರೆಗೆ ಕಾಯಲೇಬೇಕಿತ್ತು. ಬೆಳಕಾದ ಮೇಲೆ ಕೆಲಸ ಮುಗಿಸಿದ್ದು ಆ ವಿಮಾನಗಳು. ಅಂದರೆ ಆ ರಾತ್ರಿಯ ನಿಜವಾದ ಉಸಿರು ಇದ್ದದ್ದು ಕಾಯುವುದರಲ್ಲಿ. ಶತ್ರುವಿಗೆ ತಂತಿಯ ಗುಟ್ಟು ಯಾವಾಗ ಗೊತ್ತಾಗುತ್ತದೋ ಎಂದು ಕತ್ತಲಲ್ಲಿ ಕುಳಿತವರ ಧೈರ್ಯ ಎದೆಯೊಡ್ಡಿ ಕೂಗುವವರ ಧೈರ್ಯಕ್ಕಿಂತ ಯಾವ ರೀತಿಯಲ್ಲೂ ಕಡಿಮೆಯದಲ್ಲ. ಅದನ್ನು ತೋರಿಸಿದ್ದರೆ ಚಿತ್ರ ಇನ್ನಷ್ಟು ರೋಚಕವಾಗುತ್ತಿತ್ತು ಎಂದೇ ನನ್ನ ಅಭಿಪ್ರಾಯ.

ಆದರೂ ‘ಬಾರ್ಡರ್’ ಚಿತ್ರವನ್ನು ಸುಳ್ಳು ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಸೈನಿಕರಿಗೆ ಊರಿನ ಪತ್ರ ಬರುವ ಹಾಡಿದೆಯಲ್ಲ, ಅದು ನಿಜ. 56 ಎ.ಪಿ.ಓ. ಎಂಬ ವಿಳಾಸವನ್ನು ಇನ್‌ಲ್ಯಾಂಡ್ ಪತ್ರದ ಮೇಲೆ ಬರೆದು, ಮಗ ಯಾವ ರಾಜ್ಯದಲ್ಲಿದ್ದಾನೆಂದೂ ತಿಳಿಯದೆ ಅಂಚೆಗೆ ಹಾಕಿದ ತಾಯಂದಿರು ಈ ತಾಲ್ಲೂಕುಗಳಲ್ಲಿ ಸಾವಿರಾರು. ಕದನದ ವಿವರದಲ್ಲಿ ಎಡವಿದ ಚಿತ್ರವೊಂದು ಕಾತರದ ವಿವರದಲ್ಲಿ ನೆಟ್ಟಗೆ ನಿಂತಿತು. ಆದ್ದರಿಂದಲೇ ಒಂದು ಚಿತ್ರ ನೈಜವೋ ಅಲ್ಲವೋ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ತಪ್ಪು. ಯಾವುದರಲ್ಲಿ ನೈಜ ಎಂದು ಕೇಳಬೇಕು.

ಈಗ ದರ್ಜೆಯ ವಿಚಾರ. ಸೇನೆಯಲ್ಲಿ ಅಧಿಕಾರಿಗಳಿಗಿಂತ ಜವಾನರ ಸಂಖ್ಯೆ ಎಷ್ಟೋ ಪಟ್ಟು ಹೆಚ್ಚು. ಸಿನಿಮಾದಲ್ಲಿ ನಾಯಕ ಸಾಮಾನ್ಯವಾಗಿ ಕ್ಯಾಪ್ಟನ್ ಅಥವಾ ಮೇಜರ್. ಕಾರ್ಗಿಲ್ ಕದನದಲ್ಲಿ ಪರಮವೀರ ಚಕ್ರ ಪಡೆದ ನಾಲ್ವರಲ್ಲಿ ವಿಕ್ರಮ್ ಬಾತ್ರಾ ಮತ್ತು ಮನೋಜ್ ಪಾಂಡೆ ಅಧಿಕಾರಿಗಳು, ಯೋಗೇಂದ್ರ ಸಿಂಗ್ ಯಾದವ್ ಮತ್ತು ಸಂಜಯ್ ಕುಮಾರ್ ಜವಾನರು. ಅಧಿಕಾರಿಗಳಿಬ್ಬರೂ ಮಡಿದರು, ಜವಾನರಿಬ್ಬರೂ ಬದುಕಿ ಬಂದರು. ಬಾತ್ರಾ ಅವರ ಜೀವನವೇ 2021ರಲ್ಲಿ ‘ಶೇರ್‌ಷಾ’ ಎಂಬ ಪೂರ್ಣ ಚಿತ್ರವಾಯಿತು. ಆ ಇಬ್ಬರು ಜವಾನರು 2003ರ ‘ಎಲ್‌ಒಸಿ ಕಾರ್ಗಿಲ್’ ಎಂಬ ನಾಲ್ಕು ಗಂಟೆಗೂ ಮೀರಿದ ಚಿತ್ರದಲ್ಲಿ ಹತ್ತಾರು ಪಾತ್ರಗಳ ನಡುವೆ ಬಂದು ಹೋದರು. ಮಡಿದ ಅಧಿಕಾರಿಯ ಗೌರವವನ್ನು ಕಡಿಮೆ ಮಾಡಲು ಇದನ್ನು ಹೇಳುತ್ತಿಲ್ಲ. ರೈತರ ಮನೆಯಿಂದ ಹೋಗಿ ಸಿಪಾಯಿ, ನಾಯಕ್, ಹವಾಲ್ದಾರ್ ಆಗಿ ಹಿಂದಿರುಗುವ ನಮ್ಮ ಹುಡುಗನಿಗೆ ತೆರೆಯ ಮೇಲೆ ತನ್ನ ಮುಖ ಕಾಣುವುದಿಲ್ಲ ಎಂಬುದನ್ನಷ್ಟೇ ಹೇಳುತ್ತಿದ್ದೇನೆ.

ಕನ್ನಡ ಚಿತ್ರರಂಗಕ್ಕೂ ಇದು ಅನ್ವಯಿಸುತ್ತದೆ. ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’ 1990ರಲ್ಲಿ ತೆರೆಗೆ ಬಂತು. ವಿಷ್ಣುವರ್ಧನ್ ಅಭಿನಯಿಸಿದ ಕೊಡಗಿನ ಯೋಧ ಅಚ್ಚಪ್ಪ, ಸುಹಾಸಿನಿಯವರ ನರ್ಸ್ ಅನ್ನಪೂರ್ಣ ಇಂದಿಗೂ ಜನರ ಮನಸ್ಸಿನಲ್ಲಿದ್ದಾರೆ. ಕನ್ನಡದಲ್ಲಿ ಯುದ್ಧವನ್ನು ಮನೆಯ ಕಡೆಯಿಂದಲೂ ಕಂಡ ದೊಡ್ಡ ಚಿತ್ರ ಅದೇ ಎಂದು ನಾನು ತಿಳಿದಿದ್ದೇನೆ. ಕಾರ್ಯಪ್ಪ, ತಿಮ್ಮಯ್ಯನವರಂಥ ದಂಡನಾಯಕರನ್ನು ಕೊಟ್ಟ ನಾಡಿಗೆ ಆ ಗೌರವ ಸಲ್ಲಬೇಕಾದದ್ದೇ. 2006ರ ‘ಮುಂಗಾರು ಮಳೆ’ಯಲ್ಲೂ ಕರ್ನಲ್ ಸುಬ್ಬಯ್ಯ ಕೊಡಗಿನವರೇ. ಇದರಿಂದ ಕನ್ನಡ ಪ್ರೇಕ್ಷಕನ ಮನಸ್ಸಿನಲ್ಲಿ ಮಿಲಿಟರಿ ಎಂದರೆ ಕೊಡಗು, ಮಿಲಿಟರಿಯವನೆಂದರೆ ಅಧಿಕಾರಿ ಎಂಬ ಚಿತ್ರ ಗಟ್ಟಿಯಾಗಿದೆ. ಕಬ್ಬಿನ ಹೊಲದಿಂದ, ತಂಬಾಕಿನ ಪೇಟೆಯಿಂದ, ಕುಡಚಿ ಉಗಾರದ ಸ್ಟೇಷನ್ನುಗಳಿಂದ ಕಬ್ಬಿಣದ ಟ್ರಂಕು ಹಿಡಿದು ರೈಲು ಹತ್ತಿದವರು ಅದರೊಳಗೆ ಬಂದಿಲ್ಲ.

ಭಾಷೆಯ ವಿಷಯವನ್ನೂ ಇಲ್ಲಿ ಸೇರಿಸಬೇಕು. ರಾಯಬಾಗದ ಹುಡುಗ ತರಬೇತಿ ಕೇಂದ್ರ ಸೇರಿದಾಗ ಆಜ್ಞೆ ಕೇಳುವುದು ಹಿಂದಿಯಲ್ಲಿ, ಬ್ಯಾರಕ್ಕಿನಲ್ಲಿ ಮಾತು ಮರಾಠಿಯಲ್ಲೋ ತಮಿಳಿನಲ್ಲೋ, ನಿದ್ದೆಯಲ್ಲಿ ಕನವರಿಸುವುದು ಮಾತ್ರ ಕನ್ನಡದಲ್ಲಿ. ಎರಡು ವರ್ಷ ಕಳೆದು ರಜೆಗೆ ಬಂದಾಗ ಅವನ ಕನ್ನಡದಲ್ಲಿ ‘ಫಟೀಗ್’, ‘ಲಂಗರ್’, ‘ಪೋಸ್ಟಿಂಗ್’ ಸೇರಿಕೊಂಡಿರುತ್ತವೆ. ಈ ಬೆರಕೆಯೇ ಸೈನಿಕ ಜೀವನದ ನಿಜವಾದ ಧ್ವನಿ. ಕನ್ನಡ ಚಿತ್ರಗಳ ಸೈನಿಕ ಹಿಮದ ನೆತ್ತಿಯ ಮೇಲೂ ಬೆಂಗಳೂರಿನ ಸ್ವಚ್ಛ ಕನ್ನಡದಲ್ಲಿ ಮಾತಾಡುತ್ತಾನೆ. ಹಿಂದಿ ಚಿತ್ರದಲ್ಲಿ ದಕ್ಷಿಣದ ಸೈನಿಕ ನಗಿಸುವುದಕ್ಕಾಗಿ ಬರುತ್ತಾನೆ.

ಇಷ್ಟು ಹೇಳಿದ ಮೇಲೆ, ನಮ್ಮ ಜಿಲ್ಲೆಯ ಮಣ್ಣಿಗೇ ಸಂಬಂಧಿಸಿದ ಒಂದು ಚಿತ್ರವನ್ನು ಗೌರವದಿಂದ ನೆನೆಯಬೇಕು. ನಾನಾ ಪಾಟೇಕರ್ ನಿರ್ದೇಶಿಸಿ, ಮೇಜರ್ ಚವ್ಹಾಣನ ಪಾತ್ರ ವಹಿಸಿದ ‘ಪ್ರಹಾರ್’ 1991ರದು. ಅದರ ಮೊದಲ ಭಾಗ ಬೆಳಗಾವಿಯ ಕಮಾಂಡೋ ತರಬೇತಿಯ ಸುತ್ತ ಇದೆ. ಪಾತ್ರಕ್ಕಾಗಿ ಅವರು ಸೈನಿಕ ತರಬೇತಿಯನ್ನೇ ಪಡೆದರು. ಅದು ತೆರೆಯ ಮೇಲೆ ಎದ್ದು ಕಾಣುತ್ತದೆ. ಓಟ, ಹಗ್ಗ, ಕೆಸರು, ಕೂಗು, ಬೈಗುಳ, ಮತ್ತೆ ಓಟ. ತರಬೇತಿ ಎಂದರೆ ಮನುಷ್ಯನ ಮೈಯನ್ನಷ್ಟೇ ಅಲ್ಲ, ಅವನ ‘ಇಲ್ಲ’ ಎನ್ನುವ ಶಕ್ತಿಯನ್ನೂ ಪಳಗಿಸುವ ಕೆಲಸ ಎಂಬುದನ್ನು ಆ ಚಿತ್ರ ಮುಲಾಜಿಲ್ಲದೆ ತೋರಿಸಿತು.

ಆದರೆ ನಾನು ಅದನ್ನು ಮೆಚ್ಚುವುದು ಮುಂದಿನ ಭಾಗಕ್ಕಾಗಿ. ಪೀಟರ್ ಎಂಬ ಯುವ ಕಮಾಂಡೋ ಒತ್ತೆಯಾಳುಗಳನ್ನು ಬಿಡಿಸುವ ಕಾರ್ಯಾಚರಣೆಯಲ್ಲಿ ಕಾಲು ಕಳೆದುಕೊಂಡು, ಮುಂಬಯಿಯಲ್ಲಿ ಬೇಕರಿ ನಡೆಸುವ ತಂದೆಯ ಮನೆಗೆ ಮರಳುತ್ತಾನೆ. ಹಫ್ತಾ ಕೇಳುವ ಗೂಂಡಾಗಳಿಗೆ ತಲೆಬಾಗುವುದಿಲ್ಲ, ಕೊಲೆಯಾಗುತ್ತಾನೆ. ನೋಡಿದ ನೆರೆಹೊರೆಯವರು ಸಾಕ್ಷಿ ಹೇಳಲು ಬರುವುದಿಲ್ಲ. ಸೇನೆ ಕಲಿಸಿದ ಶಿಸ್ತಿಗೂ ಊರು ನಡೆಯುವ ರೀತಿಗೂ ನಡುವಿನ ಕಂದಕವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಭಾರತೀಯ ಚಿತ್ರವನ್ನು ನಾನು ಕಂಡಿಲ್ಲ. ನಿವೃತ್ತರಾಗಿ ಬಂದು ತಹಶೀಲ್ದಾರ್ ಕಚೇರಿಯಲ್ಲಿ ಒಂದು ಉತಾರೆಗಾಗಿ ಹತ್ತು ಸಲ ಅಲೆದ ಯಾವ ಮಾಜಿ ಸೈನಿಕರಿಗೂ ಆ ಕಂದಕ ಗೊತ್ತು. ಮುಂದೆ ಚಿತ್ರ ಮೇಜರನ ಕೈಗೇ ಕಾನೂನು ಕೊಟ್ಟು, ಸೇಡಿನ ಹಾದಿ ಹಿಡಿಯುತ್ತದೆ. ಅಲ್ಲಿಗೆ ಅದು ಉಳಿದ ಚಿತ್ರಗಳ ಸಾಲಿಗೆ ಸೇರುತ್ತದೆ. ಮೊದಲ ಮುಕ್ಕಾಲು ಭಾಗದ ಪ್ರಾಮಾಣಿಕತೆ ಮಾತ್ರ ಉಳಿಯುತ್ತದೆ.

ತೆರೆಯ ಯುದ್ಧದಲ್ಲಿ ಸೈನಿಕ ಶತ್ರುವಿನ ಮುಖ ನೋಡಿ ಹೋರಾಡುತ್ತಾನೆ. ಆದರೆ ಇಪ್ಪತ್ತನೆಯ ಶತಮಾನದ ಎರಡೂ ಮಹಾಯುದ್ಧಗಳ ಕದನಗಳಲ್ಲಿ ಹೆಚ್ಚು ಸೈನಿಕರು ಸತ್ತದ್ದು ದೂರದಿಂದ ಬಂದ ತೋಪಿನ ಗುಂಡಿಗೆ. ಕಾರ್ಗಿಲ್‌ನಲ್ಲೂ ಬೋಫೋರ್ಸ್ ತೋಪುಗಳ ಪಾತ್ರ ನಿರ್ಣಾಯಕವಾಗಿತ್ತು. ನಮ್ಮ ಫಿರಂಗಿದಳ ಹಾರಿಸಿದ ಗುಂಡು, ರಾಕೆಟ್ಟುಗಳ ಸಂಖ್ಯೆ ಸುಮಾರು 2,50,000. ಸಿಯಾಚಿನ್‌ನಲ್ಲಿ 1984ರ ಏಪ್ರಿಲ್‌ನಿಂದ ನಮ್ಮವರು ನಿಂತಿದ್ದಾರೆ, 2003ರ ನವೆಂಬರಿನಿಂದ ಅಲ್ಲಿ ಕದನವಿರಾಮವಿದೆ, ಆದರೂ ಸಾವು ನಿಂತಿಲ್ಲ. ಅಲ್ಲಿ ಕೊಲ್ಲುವುದು ಚಳಿ, ತೆಳುಗಾಳಿ, ಹಿಮಪಾತ. 2016ರ ಫೆಬ್ರುವರಿಯಲ್ಲಿ ಸುಮಾರು 19,600 ಅಡಿ ಎತ್ತರದ ಠಾಣ್ಯ ಹಿಮದಡಿ ಹೂತುಹೋದಾಗ 19ನೇ ಮದ್ರಾಸ್ ಪಲ್ಟಣದ ಹತ್ತು ಜನ ಅದರೊಳಗಿದ್ದರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಮೇಲೆ ಜೀವಂತ ಸಿಕ್ಕರು, ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಎದುರಿಗೆ ಗುಂಡು ಹಾರಿಸುವ ಶತ್ರು ಇರಲಿಲ್ಲ. ಇಂಥ ಸಾವಿಗೆ ಖಳನಾಯಕ ಬೇಕಿಲ್ಲ. ಖಳನಾಯಕನಿಲ್ಲದೆ ಕಥೆ ಕಟ್ಟಲು ನಮ್ಮ ಚಿತ್ರರಂಗ ಕಲಿತಿಲ್ಲ.

ಹೊರದೇಶದವರು ಇದರಲ್ಲಿ ಪೂರ್ತಿ ಗೆದ್ದಿದ್ದಾರೆಂದು ತಿಳಿಯಬೇಡಿ. ಸ್ಪೀಲ್‌ಬರ್ಗ್ ಅವರ ‘ಸೇವಿಂಗ್ ಪ್ರೈವೇಟ್ ರಯಾನ್’ 1998ರಲ್ಲಿ ನಾರ್ಮಂಡಿ ದಂಡೆಯ ಮೊದಲ ಗಳಿಗೆಗಳನ್ನು ತೋರಿಸಿದ ರೀತಿ ಯುದ್ಧ ಕಂಡ ಮುದುಕರನ್ನೂ ಅಲುಗಾಡಿಸಿತು. ಆದರೆ 2017ರ ‘ಡನ್‌ಕರ್ಕ್’ ಅಲ್ಲಿದ್ದ ಭಾರತದ ಹೇಸರಗತ್ತೆ ಪಡೆಗಳ ಸೈನಿಕರನ್ನು ಮರೆತೇಬಿಟ್ಟಿತು. ನಾವು ಅದಕ್ಕೆ ಸಿಟ್ಟಾದೆವು. ನಾವು ಮರೆತದ್ದರ ಲೆಕ್ಕವನ್ನೂ ತೆಗೆಯಬೇಕಲ್ಲವೇ? ಈಗಿನ ಇರಾಕಿನ ಕೂಟ್ ಪಟ್ಟಣದ ಮುತ್ತಿಗೆ 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ನಡೆಯಿತು. 103, 110, 117ನೇ ಮರಾಠಾ ಪಲ್ಟಣಗಳು ಅದರೊಳಗೆ ಸಿಕ್ಕಿಬಿದ್ದಿದ್ದವು. ಹಸಿವಿನಿಂದ ಸೈನ್ಯ ತನ್ನ ಕುದುರೆಗಳನ್ನೇ ತಿನ್ನಬೇಕಾಯಿತು. ಧರ್ಮದ ಅಳುಕಿನಿಂದ ಬಹಳಷ್ಟು ಭಾರತೀಯ ಸಿಪಾಯಿಗಳು ಅದನ್ನೂ ಮುಟ್ಟದೆ ಸೊರಗಿದರು. ಈ ಕಥೆಗೆ ಕ್ಯಾಮೆರಾ ಹಿಡಿದವರನ್ನು ನಾನು ಕಾಣೆ.

ನೈಜತೆಗೆ ಇನ್ನೊಂದು ಅಡ್ಡಿ ಅನುಮತಿಯದು. ಟ್ಯಾಂಕು, ವಿಮಾನ, ಠಾಣ್ಯ ಬೇಕೆಂದರೆ ಚಿತ್ರ ತಯಾರಕ ಸೇನೆಯ ಬಳಿ ಹೋಗಲೇಬೇಕು. ಅಮೆರಿಕದಲ್ಲೂ ಹೀಗೆಯೇ: ‘ಟಾಪ್ ಗನ್’ ಚಿತ್ರಕ್ಕೆ ನೌಕಾಪಡೆ ಕೈಜೋಡಿಸಿತು, ‘ಅಪೋಕ್ಯಾಲಿಪ್ಸ್ ನೌ’ ಚಿತ್ರಕ್ಕೆ ಸೇನೆ ನೆರವಾಗಲಿಲ್ಲ, ಅದರ ತಯಾರಕರು ಫಿಲಿಪ್ಪೀನ್ಸಿನ ಹೆಲಿಕಾಪ್ಟರುಗಳನ್ನು ಬಳಸಿದರು. ನಮ್ಮಲ್ಲಿ 2020ರ ಜುಲೈನಲ್ಲಿ ರಕ್ಷಣಾ ಸಚಿವಾಲಯ ಸೈನ್ಯದ ವಸ್ತುವುಳ್ಳ ಚಿತ್ರಗಳಿಗೆ ಮೊದಲು ತನ್ನ ನಿರಾಕ್ಷೇಪಣಾ ಪತ್ರ ಪಡೆಯಬೇಕೆಂದು ಸೆನ್ಸಾರ್ ಮಂಡಳಿಗೆ ತಿಳಿಸಿತು. ಸಮವಸ್ತ್ರಕ್ಕೆ ಅವಮಾನವಾಗಬಾರದು ಎಂಬ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಹೊಗಳಿಕೆಗೆ ಮಾತ್ರ ಬಾಗಿಲು ತೆರೆದರೆ ಜವಾನನ ನೋವು ಹೊರಗೇ ಉಳಿಯುತ್ತದೆ. ನೋವನ್ನು ತೋರಿಸುವುದು ಅವಮಾನವಲ್ಲ.

ಚಿತ್ರಗಳು ಜವಾನನ ಬದುಕನ್ನು ಬಿಟ್ಟುಬಿಡುವುದರಿಂದ ಆಗುವ ಹಾನಿ ಕಲೆಯದಷ್ಟೇ ಆಗಿದ್ದರೆ ಇಷ್ಟು ಹೊತ್ತು ತಮ್ಮನ್ನು ಕೂರಿಸುತ್ತಿರಲಿಲ್ಲ. ನಮ್ಮ ಹುಡುಗರು ಭರ್ತಿಗೆ ಹೋಗುವ ಮೊದಲು ಸೈನ್ಯವನ್ನು ಕಾಣುವುದು ಮೊಬೈಲಿನಲ್ಲಿ, ಸಿನಿಮಾದ ತುಣುಕುಗಳಲ್ಲಿ. 2022ರಿಂದ ಜಾರಿಗೆ ಬಂದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಅದರ ನಂತರ ನೂರಕ್ಕೆ ಗರಿಷ್ಠ 25 ಜನ ಮಾತ್ರ ಕಾಯಂ ಆಗಬಹುದು. ಉಳಿದವರು ಇಪ್ಪತ್ತೈದರ ಆಸುಪಾಸಿನಲ್ಲೇ ಊರಿಗೆ ಮರಳುತ್ತಾರೆ. ಹಿಂದಿನ ಸೈನಿಕನಿಗೆ ವರ್ಷದಲ್ಲಿ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ, ಕೊನೆಗೆ ಪಿಂಚಣಿ ಎಂಬ ಲೆಕ್ಕವಿತ್ತು. ಮದುವೆ, ಗೃಹಪ್ರವೇಶ, ಕಬ್ಬಿನ ಹಂಗಾಮು ಎಲ್ಲವೂ ಆ ರಜೆಗೆ ಹೊಂದಿಕೊಂಡು ನಡೆಯುತ್ತಿದ್ದವು. ಈಗ ಮನೆಯ ಲೆಕ್ಕವೇ ಬದಲಾಗಿದೆ. ಹದಿನೆಂಟರ ಹುಡುಗನಿಗೆ ಇದನ್ನು ತಿಳಿಸಿ ಹೇಳುವ ಒಂದು ಒಳ್ಳೆಯ ಚಿತ್ರ, ಅವನ ಉತ್ಸಾಹಕ್ಕೆ ತಣ್ಣೀರು ಎರಚದೆ ಅವನನ್ನು ಸಿದ್ಧಗೊಳಿಸುತ್ತಿತ್ತು.

ಅಂಥ ಚಿತ್ರ ಮುಂಬಯಿಯಿಂದಲೋ ಬೆಂಗಳೂರಿನಿಂದಲೋ ತಾನಾಗಿ ಬರುವುದಿಲ್ಲ. ಅದಕ್ಕೆ ಬೇಕಾದ ಸಾಮಗ್ರಿ ಇರುವುದು ಈ ಐದು ತಾಲ್ಲೂಕುಗಳ ಕಟ್ಟೆಗಳ ಮೇಲೆ, ಟ್ರಂಕುಗಳಲ್ಲಿ ಕಟ್ಟಿಟ್ಟ ಪತ್ರಗಳಲ್ಲಿ, ಒಂಟಿಯಾಗಿ ಹೊಲ ಮಾಡಿಸಿ ಮಕ್ಕಳನ್ನು ಓದಿಸಿದ ಹೆಣ್ಣುಮಕ್ಕಳ ನೆನಪಿನಲ್ಲಿ. ಇಲ್ಲಿಯ ಪದವಿ ಕಾಲೇಜುಗಳ ಕನ್ನಡ ಮತ್ತು ಇತಿಹಾಸ ವಿಭಾಗಗಳಿಗೆ, ಎನ್.ಸಿ.ಸಿ. ಘಟಕಗಳಿಗೆ, ಮಾಜಿ ಸೈನಿಕರ ಸಂಘಗಳಿಗೆ ನನ್ನ ವಿನಂತಿ ಇದು: ಊರೂರಿಗೆ ಹೋಗಿ ಅವರ ಮಾತನ್ನು ಅವರದೇ ಬೆರಕೆ ಕನ್ನಡದಲ್ಲಿ ಧ್ವನಿಮುದ್ರಿಸಿಕೊಳ್ಳಿ. ಕದನದ ಕಥೆಗಿಂತ ಮೊದಲು ಊಟ, ಚಳಿ, ರಜೆ, ಸಾಲ, ಪತ್ರಗಳ ಬಗ್ಗೆ ಕೇಳಿ. ಅವರ ಮನೆಯವರನ್ನು ಪ್ರತ್ಯೇಕವಾಗಿ ಕೂರಿಸಿ ಕೇಳಿ. ಧ್ವನಿಮುದ್ರಿಸಿದ್ದನ್ನು ಕಾಲೇಜಿನ ಗ್ರಂಥಾಲಯದಲ್ಲಿಟ್ಟು, ಕಥೆ ಹುಡುಕಿ ಬರುವ ಯುವ ನಿರ್ದೇಶಕರಿಗೆ ತೆರೆದಿಡಿ. 1971ರಲ್ಲಿ ಇಪ್ಪತ್ತರ ಹುಡುಗರಾಗಿದ್ದವರಿಗೆ ಈಗ ಎಪ್ಪತ್ತೈದರ ಆಸುಪಾಸು. 1962 ಮತ್ತು 1965ನ್ನು ಕಂಡವರು ಅದಕ್ಕೂ ಹಿರಿಯರು. ಈ ಕೆಲಸವನ್ನು ಬರುವ ಶೈಕ್ಷಣಿಕ ವರ್ಷಕ್ಕೆ ಮುಂದೂಡದೆ ಈ ವರ್ಷವೇ ಆರಂಭಿಸಬೇಕೆಂದು ತಮ್ಮೆಲ್ಲರಲ್ಲಿ ಕೇಳಿಕೊಳ್ಳುತ್ತೇನೆ.